ಪೆಟ್ರೋಲ್ ಕಾಕಿನ ಬೆಂಡು

ಡೊಂಬಿವಲಿ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ಮಗ್ಗುಲಲ್ಲಿ ವಾಸ ಮಾಡುವವರ ಮೂಗು ಚುರುಕು. ಯಾವ ವಾಸನೆಗೆ ಕಿಟಕಿ ಮುಚ್ಚಿದರೆ ಸಾಕು, ಯಾವುದಕ್ಕೆ ಕೆಳಗೆ ಓಡಬೇಕು ಎಂಬುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಆ ಭಾನುವಾರ ನಾನು ಹಳೆಯ ಕಾರಿನ ಟ್ಯಾಂಕಿಗೆ ಪೆಟ್ರೋಲ್ ಸುರಿದು ಕ್ಯಾನಿನ ಮುಚ್ಚಳ ಹಾಕುವ ಮೊದಲೇ ಬಾಲ್ಕನಿಯಿಂದ ಸೊಸೈಟಿಯ ಸೆಕ್ರೆಟರಿ ಕೂಗಿದ.

"ಕಾಕಾ! ಪೆಟ್ರೋಲ್‌ಚಾ ವಾಸ್ ಯೇತೋಯ್. ಬಿಲ್ಡಿಂಗ್ ಉಡವಾಯ್‌ಚೀ ಆಹೇ ಕಾ?"

ಬಿಲ್ಡಿಂಗನ್ನೇ ಹಾರಿಸುವ ಯೋಚನೆಯೇ ಎಂದು ಅವನ ಪ್ರಶ್ನೆ. ನಾನು ಬಗ್ಗಿ ನೋಡಿದೆ. ಕಾಕಿನಿಂದ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ತಡೆಯುವ ಹಿತ್ತಾಳೆಯ ಪುಟ್ಟ ನಲ್ಲಿ ಅದು.

ಕಾರು ನನ್ನ ಮಾವನದು. ಠಾಣೆಯಲ್ಲಿ ಅವರ ಹೋಟೆಲಿತ್ತು. ನಾನು ಅಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದವನು. ಅವರು ಮಗಳಿಗೆ ಕಾರು ಕಲಿಸಿದ್ದರು. ಬೆಳಿಗ್ಗೆ ಮಾರ್ಕೆಟ್ಟಿನಿಂದ ತೆಂಗಿನಕಾಯಿ, ತರಕಾರಿ ತರುವುದು ಅವಳ ಕೆಲಸ. ಆ ಮಗಳನ್ನೇ ನನಗೆ ಕೊಟ್ಟರು. ಅವರು ತೀರಿಕೊಂಡ ಮೇಲೆ ಕಾರು ನಮ್ಮ ಮನೆಗೆ ಬಂತು. ಹೆಂಡತಿ ಓಡಿಸುತ್ತಿದ್ದಳು. ನನಗೆ ಬರುತ್ತಿರಲಿಲ್ಲ, ಎಡಗಡೆ ಕೂರುತ್ತಿದ್ದೆ. ನಮ್ಮ ಮಗಳಿಗೆ ಬುದ್ಧಿ ಬರುವ ಮೊದಲೇ ಕಾರು ಬಿಲ್ಡಿಂಗಿನ ಕೆಳಗೆ ನಿಂತುಬಿಟ್ಟಿತ್ತು.

ಈಗ ಸೀವುಡ್ಸ್‌ನ ಒಬ್ಬರು, ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕುವವರು, ಅದನ್ನು ಕೊಳ್ಳಲು ಒಪ್ಪಿದ್ದರು. ಅವರು ಕಳಿಸಿದ ಮೆಕ್ಯಾನಿಕ್ ಬ್ರೇಕು, ಟೈರು ಎಲ್ಲ ಸರಿಮಾಡಿ, ಪೆಟ್ರೋಲಿನ ಬಾಟಲಿ ತೂಗುಹಾಕಿ ಎಂಜಿನ್ ಓಡಿಸಿ ನೋಡಿದ್ದ. ಹಳೆಯ ಕಾಕನ್ನು ಮಾತ್ರ ಮುಟ್ಟಿರಲಿಲ್ಲ. ಟೋಯಿಂಗ್ ಗಾಡಿಯಲ್ಲಿ ಒಯ್ಯುವುದೆಂದು ತೀರ್ಮಾನವಾಗಿತ್ತು.

"ಹೆಣದ ಹಾಗೆ ಕಟ್ಟಿ ಎಳ್ಕೊಂಡು ಹೋಗೋದು ಬೇಡ. ನಾನೇ ಓಡಿಸ್ಕೊಂಡು ಹೋಗಿ ಕೊಡ್ತೇನೆ" ಎಂದು ಹೆಂಡತಿ ಹೇಳಿದಳು. ಲೈಸೆನ್ಸನ್ನು ಅವಳು ಪ್ರತಿಸಲ ರಿನ್ಯೂ ಮಾಡಿಸುತ್ತಲೇ ಬಂದಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಸೆಕ್ರೆಟರಿಯ ಕೂಗು ಕೇಳಿ ಅವಳು ಕೆಳಗಿಳಿದು ಬಂದಳು. "ಬೆಂಡು ಹೋಗಿರ್ಬೇಕು. ಬಿಚ್ಚಿ" ಎಂದಳು. ಟ್ಯಾಂಕನ್ನು ಮತ್ತೆ ಕ್ಯಾನಿಗೆ ಬಸಿದು, ನಟ್ಟು ಸಡಿಲಿಸಿ ಕಾಕಿನೊಳಗಿನ ಸರಳನ್ನು ಎಳೆದೆ. ಅದರ ಸುತ್ತ ಕಾರ್ಕ್ ಬೆಂಡಿನ ಪುಟ್ಟ ಬಳೆ. ಅದು ಉಬ್ಬಿಕೊಂಡು ಗೋಡೆಗೆ ಒತ್ತಿ ನಿಂತರೆ ಮಾತ್ರ ಪೆಟ್ರೋಲ್ ನಿಲ್ಲುತ್ತದೆ. ಈಗ ಅದು ಒಣದ್ರಾಕ್ಷಿಯಂತೆ ಮುರುಟಿತ್ತು.

ಅವಳು ಅದನ್ನು ಸೋಪು ಹಚ್ಚಿ ತೊಳೆದು, ಮನೆಯಿಂದ ಕುದಿನೀರಿನ ಪಾತ್ರೆ ತಂದು ಮೆಟ್ಟಿಲ ಮೇಲಿಟ್ಟು, ಮುಳುಗಿಸಿ ಮೇಲೊಂದು ಚಮಚ ಒತ್ತಿಟ್ಟಳು. "ಅಪ್ಪ ಹೀಗೇ ಮಾಡ್ತಿದ್ದದ್ದು" ಎಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ಅಲ್ಲ ಮಾರಾಯ್ರೆ, ಆಗ ಕಾಕು ಸೋರ್ತದೆ ಅಂತಲೇ ಅಲ್ವಾ ನೀವು ಕಾರು ನಿಲ್ಸಿದ್ದು? ಬೆಂಡು ಒಣಗಿದ್ರೆ ತಾನೇ ಸೋರೋದು? ದಿನಾ ಓಡಿಸ್ತಿದ್ದ ಕಾರಿಂದು ಒಣಗೋದು ಹೇಗೆ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ನಾನು ಪಾತ್ರೆಯನ್ನೇ ನೋಡುತ್ತ ಹೇಳಿದೆ.

"ಆಗ ಅದು ಸೋರ್ತಾ ಇರ್ಲಿಲ್ಲ."

ಒಂದು ಮದುವೆಗೆ ಹೋಗಿದ್ದೆವು. ಹಾಲ್‌ನ ಎದುರು ಅವಳು ಕಾರು ನಿಲ್ಲಿಸಿದಾಗ ಊರಿನ ಕಡೆಯ ಹೋಟೆಲಿನವರು ಗುಂಪಾಗಿ ನಿಂತಿದ್ದರು. ಒಬ್ಬ ಕೇಳಿದ: "ಏನು ಭಾವ, ಹೆಂಡತಿ ಡ್ರೈವರ್ರಾದ್ರೆ ನೀನು ಕ್ಲೀನರಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾವನ ಗಲ್ಲೆಯಲ್ಲಿ ಕೂತು ಬೆಳೆದವನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆ ವಾರವೇ ಕಾಕು ಮುಚ್ಚಿ, ಟ್ಯಾಂಕ್ ಬಸಿದು, ಕಾಕು ಸೋರುತ್ತಿದೆ, ಕೆಮಿಕಲ್ ಏರಿಯಾದಲ್ಲಿ ಅಪಾಯ, ಪಾರ್ಟು ಸಿಗುವುದಿಲ್ಲ ಎಂದು ಅವಳಿಗೆ ಹೇಳಿದೆ. ಹೋಟೆಲಿನವರ ಶಿಸ್ತು ನನ್ನದು: ಕೆಲಸ ಮುಗಿದ ಪಾತ್ರೆಯನ್ನು ತೊಳೆದು ಒರೆಸಿ ಒಣಗಿಸಿಟ್ಟರೆ ಕೆಡುವುದಿಲ್ಲ. ಟ್ಯಾಂಕನ್ನೂ ಹಾಗೇ ಒಣಗಿಸಿಟ್ಟೆ. ಪೆಟ್ರೋಲಿನಲ್ಲಿ ನೆನೆಯುತ್ತಿದ್ದರೆ ಮಾತ್ರ ಬೆಂಡು ಬದುಕುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ಹೀಗೆ ನಿಧಾನವಾಗಿ ನಿಜವಾಯಿತು.

ಇದನ್ನೆಲ್ಲ ಹೇಳಿ ಮುಗಿಸಿದೆ. ಅವಳು ಚಮಚ ತೆಗೆದು, ಮತ್ತೆ ಇಟ್ಟಳು.

"ನಂಗೆ ಎಷ್ಟು ಆಸೆ ಇತ್ತು ಅಂತ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಗೊತ್ತಿದ್ದೇ ಮಾಡಿದ್ದಾ?"

"ಹೌದು."

ಅವಳು ಚಮಚ ತೆಗೆದು ನೋಡಿದಳು. ಬೆಂಡು ಉಬ್ಬಿತ್ತು. ಅದನ್ನು ಸೆರಗಿನಲ್ಲಿ ಒರೆಸಿ, ಸ್ವಲ್ಪ ವ್ಯಾಸಲೀನ್ ಸವರಿ, ತಾನೇ ಸರಳಿಗೆ ಏರಿಸಿದಳು. ನಾನು ಕೈ ಚಾಚಿದೆ, ಸ್ಪ್ಯಾನರ್ ಕೊಡಲಿಲ್ಲ. ನಟ್ಟು ಬಿಗಿದು, ಪೆಟ್ರೋಲ್ ಸುರಿದು, ಕಾಕಿನ ಕೆಳಗೆ ಪೇಪರ್ ಹಾಸಿದಳು. ಇಬ್ಬರೂ ಬಗ್ಗಿ ಕಾದೆವು. ಪೇಪರ್ ಒಣಗಿಯೇ ಇತ್ತು.

"ಕೂತ್ಕೊಳ್ಳಿ" ಎಂದಳು. ನಾನು ಎಡಗಡೆ ಕೂತೆ.

ಭಾನುವಾರ, ಕಾರ್ಖಾನೆಗಳ ರಸ್ತೆ ಖಾಲಿ. ಮೊದಲ ತಿರುವಿನಲ್ಲಿ ಎಂಜಿನ್ ಆರಿತು, ಎರಡನೆಯದರಲ್ಲಿ ಗೇರು ಕಿರುಚಿತು. ಒಳರಸ್ತೆಗಳಲ್ಲೇ ಸುತ್ತಿಸುತ್ತಿ ಕೈ ಕುದುರಿದ ಮೇಲೆ ಹೆದ್ದಾರಿ ಹಿಡಿದು ಶಿಳ್‌ಫಾಟಾದ ಕಡೆ ತಿರುಗಿಸಿದಳು. ಅಲ್ಲಿ ಟೆಂಪೋದವನೊಬ್ಬ ಹಾರ್ನ್ ಒತ್ತಿದಾಗ ಕಿಟಕಿಯಿಂದ ತಲೆ ಹಾಕಿ, "ಉಡ್ ಕೇ ಜಾ ನಾ!" ಎಂದಳು, ಹಾರಿಕೊಂಡು ಹೋಗು ಎಂದು. ಆ ದನಿ ನನಗೆ ಗೊತ್ತಿತ್ತು. ಮಾರ್ಕೆಟ್ಟಿನಿಂದ ಬಂದು ಹೋಟೆಲಿನ ಹಿಂಬಾಗಿಲಲ್ಲಿ ಹುಡುಗರನ್ನು ಕರೆಯುತ್ತಿದ್ದ ದನಿ.

ಸೀವುಡ್ಸ್‌ನಲ್ಲಿ ಕಾರು ಕೊಂಡವರು ಕೀಲಿಗಾಗಿ ನನ್ನತ್ತ ಕೈ ಚಾಚಿದರು. ನಾನು ಅವಳನ್ನು ತೋರಿಸಿದೆ. "ಟ್ಯಾಂಕ್ ಖಾಲಿ ಬಿಡ್ಬೇಡಿ" ಎಂದಷ್ಟೇ ಹೇಳಿ ಅವಳು ಕೀಲಿ ಕೊಟ್ಟಳು.

ಮರಳುವಾಗ ಠಾಣೆಯಲ್ಲಿ ಟ್ರೈನ್ ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಕೂತು ಅವಳು ಹೇಳಿದಳು:

"ಮಗಳಿಗೆ ಫೋನ್ ಮಾಡಿ. ಅವಳ ಕಾರು ಶನಿವಾರ ನಂಗೆ ಬೇಕು. ಯಾಕೆ ಅಂತ ಕೇಳಿದ್ರೆ ಎಲ್ಲಾ ಹೇಳಿ. ನೀವೇ ಹೇಳ್ಬೇಕು."

ಮಗಳು ಕೋಪರಖೈರಣೆಯಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದೆ, ಅವಳು ಎಂದಿನಂತೆ ಹಿಂದಿಯಲ್ಲಿ ನಕ್ಕಳು.

"ಮಮ್ಮಿ ಕೋ ಗಾಡಿ ಚಲಾನಾ ಆತಾ ಹೈ? ಲೈಸೆನ್ಸ್ ತೋ ಐಡಿ ಪ್ರೂಫ್ ಕೇ ಲಿಯೇ ಥಾ ನಾ, ಪಪ್ಪಾ?"

ಮಮ್ಮಿಗೆ ಗಾಡಿ ಓಡಿಸಲು ಬರುತ್ತದಾ, ಲೈಸೆನ್ಸು ಬರೀ ಐಡಿ ಪ್ರೂಫಿಗಲ್ಲವಾ ಎಂದು ಅವಳ ಪ್ರಶ್ನೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಡೊಂಬಿವಲಿಗೆ ಹೋಗುವ ಸ್ಲೋ ಟ್ರೈನ್ ಬಂದು ನಿಂತಿತು. ನಾವು ಅದನ್ನು ಬಿಟ್ಟೆವು. "ಇಲ್ಲ ಮಗಾ" ಎಂದು ನಾನು ಶುರುಮಾಡಿದೆ.