ಮೇಷ್ಟ್ರ ಮನೆಯ ಹುಡುಗಿ ವೇದಿಕೆ ಹತ್ತಿದ್ದು

ನನ್ನ ಪುಸ್ತಕದಂಗಡಿಯ ಪಕ್ಕದ ಹೊಲಿಗೆ ಅಂಗಡಿ ಅವಳದು. ಎದುರಿಗೇ ಶಾಲೆಯ ಗೇಟು. ಯೂನಿಫಾರ್ಮ್ ಬಿಟ್ಟು ಬೇರೇನನ್ನೂ ಅವಳು ಹೊಲಿಯುವುದಿಲ್ಲವಾದ್ದರಿಂದ ಬೀದಿಯವರೆಲ್ಲ ಅವಳನ್ನು ಯೂನಿಫಾರ್ಮ್ ಅಕ್ಕ ಎನ್ನುತ್ತಾರೆ. ಶಾಲೆ ತೆರೆಯುವ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೆಲದ ತುಂಬ ನೀಲಿ ಬಟ್ಟೆಯ ಚೂರು, ಬೆಂಚಿನ ಮೇಲೆ ಅಳತೆ ಕೊಡಲು ಕಾದು ಕೂತ ಮಕ್ಕಳು. ಅವರನ್ನು ಕಂಡರೆ ಅವಳಿಗೆ ಪ್ರೀತಿ. ಎದುರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹಿರಿಯ ಮೇಷ್ಟ್ರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿ.

ಆ ಮೇಷ್ಟ್ರು ಅವಳ ಸ್ವಂತ ಚಿಕ್ಕಪ್ಪ.

ಅವಳು ಹುಟ್ಟಿದ ಹಳ್ಳಿಯ ಶಾಲೆ ಐದನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದಿನ ಶಾಲೆ ಹೊಳೆಯ ಆಚೆ. ಗಂಡುಹುಡುಗರು ದೋಣಿ ಹತ್ತಿ ಹೋಗಿಬರುತ್ತಿದ್ದರು, ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಆದರೆ ಈ ಹುಡುಗಿ ಓದಿನಲ್ಲಿ ಎಲ್ಲರಿಗಿಂತ ಮುಂದು. ಆ ರಜೆಯಲ್ಲಿ ಪಟ್ಟಣದಿಂದ ಬಂದ ಚಿಕ್ಕಪ್ಪ, "ನಾನೇ ಮೇಷ್ಟ್ರು. ನನ್ನ ಮನೇಲಿದ್ದುಕೊಂಡು ಓದ್ಲಿ ಬಿಡಣ್ಣ" ಎಂದರು. ತಂದೆ ಊರಿಗೆಲ್ಲ ಹೇಳಿಕೊಂಡು ಬಂದರು. ಹುಡುಗಿ ಸ್ಲೇಟು, ಪೆನ್ಸಿಲ್ಲು, ಎರಡು ಜೊತೆ ಬಟ್ಟೆ ಕಟ್ಟಿಕೊಂಡು ಹೊರಟಳು.

ಪಟ್ಟಣದ ಮನೆಯಲ್ಲಿ ಚಿಕ್ಕಮ್ಮ ತುಂಬು ಬಸುರಿ. "ಮಗು ಹುಟ್ಟಿ ಒಂಚೂರು ದೊಡ್ಡದಾಗ್ಲಿ, ಬರೋ ವರ್ಷ ಸೇರಿಸ್ತೀನಿ" ಎಂದರು ಚಿಕ್ಕಪ್ಪ. ಮರುವರ್ಷ ಚಿಕ್ಕಮ್ಮನಿಗೆ ಸೊಂಟ ನೋವು. ಅದರಾಚೆಯ ವರ್ಷ ಎರಡನೇ ಮಗು. ಹುಡುಗಿ ಮಕ್ಕಳನ್ನು ಎತ್ತಿ ಆಡಿಸಿದಳು, ಪಾತ್ರೆ ತೊಳೆದಳು, ನೆಲ ಒರೆಸಿದಳು, ಚಿಕ್ಕಪ್ಪನ ಅಂಗಿಗೆ ಇಸ್ತ್ರಿ ಹಾಕಿದಳು. ಕೊನೆಗೊಮ್ಮೆ ಧೈರ್ಯ ಮಾಡಿ ಕೇಳಿದಾಗ ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ, "ಈಗ ಸೇರಿದ್ರೆ ಚಿಕ್ಕ ಮಕ್ಕಳ ಜೊತೆ ಕೂರ್ಬೇಕಾಗುತ್ತೆ. ನಿನಗೇ ನಾಚಿಕೆ ಆಗಲ್ವಾ?" ಎಂದರು. ಚಿಕ್ಕಮ್ಮ ಒಳಗಿನಿಂದ ನಕ್ಕದ್ದು ಕೇಳಿಸಿತು.

ಮಧ್ಯಾಹ್ನ ಚಿಕ್ಕಪ್ಪನಿಗೆ ಬುತ್ತಿ ಒಯ್ಯುವುದು ಅವಳದೇ ಕೆಲಸ. ಬೇಗ ಹೋಗಿ ಕ್ಲಾಸಿನ ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಒಂದು ದಿನ ಒಳಗೆ ಚಿಕ್ಕಪ್ಪ ಕೇಳಿದ ಪ್ರಶ್ನೆಗೆ ಯಾರೂ ಬಾಯಿ ಬಿಡದಿದ್ದಾಗ ಹೊರಗಿನಿಂದ ಇವಳು ಉತ್ತರ ಹೇಳಿಬಿಟ್ಟಳು. ಮಕ್ಕಳೆಲ್ಲ ನಕ್ಕರು. ಚಿಕ್ಕಪ್ಪ ಎದ್ದು ಬಂದು ಕಿಟಕಿ ಹಾಕಿದರು.

ಇಷ್ಟನ್ನೂ ಅವಳು ನುಂಗಿಕೊಂಡಿದ್ದಳೇನೋ. ನುಂಗಲಾಗದ್ದು ಬೇರೆ. ಮೈನೆರೆದು ದೊಡ್ಡವಳಾದ ಮೇಲೆ ಅವಳನ್ನು ಹಳ್ಳಿಗೆ ವಾಪಸು ಕಳಿಸಿದರು. ಅಪ್ಪ ಅವಳ ಮುಖ ನೋಡಲಿಲ್ಲ. ಚಿಕ್ಕಪ್ಪ ಮೊದಲೇ ಹೇಳಿ ಕಳಿಸಿದ್ದರಂತೆ: "ಎಷ್ಟು ಹೇಳಿಕೊಟ್ರೂ ತಲೆಗೆ ಹತ್ತಲಿಲ್ಲ ಅಣ್ಣ. ಹುಡುಗಿ ದಡ್ಡಿ." ತನ್ನನ್ನು ಶಾಲೆಗೇ ಸೇರಿಸಿರಲಿಲ್ಲ ಎಂದು ಅವಳು ಅತ್ತು ಹೇಳಿದಳು. "ಫೇಲಾಗಿದ್ದಲ್ಲದೆ ದೊಡ್ಡವರ ಮೇಲೆ ಹಾಕ್ತೀಯಾ?" ಎಂದು ಅಪ್ಪ ಗದರಿದರು. ಒಡಹುಟ್ಟಿದ ತಮ್ಮ, ಅದರ ಮೇಲೆ ಮೇಷ್ಟ್ರು, ಮೇಷ್ಟ್ರು ಸುಳ್ಳು ಹೇಳುವುದುಂಟೇ? ಮಗಳು ದಡ್ಡಿ ಎಂದು ನಂಬಿಕೊಂಡೇ ಅವರು ಕಣ್ಣು ಮುಚ್ಚಿದರು.

ಮುಂದೆ ಒಬ್ಬ ಲಾರಿ ಡ್ರೈವರನ ಜೊತೆ ಮದುವೆಯಾಯಿತು. ಹೊಲಿಗೆ ಕಲಿತಳು. ಅಂಗಡಿ ಹಾಕುವ ಕಾಲಕ್ಕೆ ಗಂಡ ಮಾರ್ಕೆಟ್ಟಿನ ಹತ್ತಿರ ಜಾಗ ನೋಡಿದ್ದ. ಅವಳು ಹಟ ಹಿಡಿದು ಶಾಲೆಯ ಎದುರಿಗೇ ಬಂದಳು. "ಚಿಕ್ಕಪ್ಪನಿಗೆ ನಾನು ದಿನಾ ಕಾಣ್ಬೇಕು" ಎಂದಳಂತೆ. ಕಂಡಳು. ಮೇಷ್ಟ್ರು ಅಂದಿನಿಂದ ರಸ್ತೆಯ ಆ ಬದಿಯಲ್ಲೇ ಓಡಾಡತೊಡಗಿದರು. ಮೇಷ್ಟ್ರಿಗೆ ನಮ್ಮ ಬೀದಿಯ ಬಿಸಿಲು ಆಗಿಬರುವುದಿಲ್ಲ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ನಮಗೆ ಕಾರಣ ಗೊತ್ತಿರಲಿಲ್ಲ.

ಮೇಷ್ಟ್ರು ನಿವೃತ್ತರಾದರು, ಪಟ್ಟಣದ ಕಾಲೇಜಿನ ಆಡಳಿತ ಸಮಿತಿಗೆ ಸೇರಿದರು. ಯೂನಿಫಾರ್ಮ್ ಅಕ್ಕನ ಮಗಳು ಹೈಸ್ಕೂಲು ಮುಗಿಸಿ ಅದೇ ಕಾಲೇಜಿಗೆ ಅರ್ಜಿ ಹಾಕಿದಳು. ಒಳ್ಳೆಯ ಮಾರ್ಕ್ಸು ಇತ್ತು, ಹೇಳುವವರು ಕೇಳುವವರು ಇರಲಿಲ್ಲ. ಸೀಟು ಸಿಗಲಿಲ್ಲ. ಆಗಲೇ ನಮ್ಮ ಬೀದಿಯ ಗೋಡೆಗಳ ಮೇಲೆ ಪೋಸ್ಟರು ಬಿತ್ತು: ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಜೀವ ಸವೆಸಿದ ಹಿರಿಯ ಮೇಷ್ಟ್ರಿಗೆ ಸಾರ್ವಜನಿಕ ಸನ್ಮಾನ.

ಅಕ್ಕ ಮೆಷಿನ್ನು ನಿಲ್ಲಿಸಿ ಹೊರಗೆ ಬಂದು ಪೋಸ್ಟರನ್ನು ಓದಿದಳು. ನನ್ನ ಅಂಗಡಿಯ ಮುಂದೆ ನಿಂತವರಿಗೆಲ್ಲ ಕೇಳಿಸುವಂತೆ, "ನಾನೂ ಎರಡು ಮಾತಾಡ್ತೀನಿ" ಎಂದಳು.

ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟಿತು. ಮೇಷ್ಟ್ರು ಮೊದಲ ಸಲ ರಸ್ತೆ ದಾಟಿ ಈ ಬದಿಗೆ ಬಂದರು.

"ಚೆನ್ನಾಗಿದ್ದೀಯೇನಮ್ಮ?"

"ಕೂತ್ಕೊಳ್ಳಿ ಚಿಕ್ಕಪ್ಪ."

ಅವರು ಕೂರಲಿಲ್ಲ. "ಹಳೇದೆಲ್ಲ ಕೆದಕಿ ಯಾರಿಗೆ ಏನು ಬರುತ್ತೆ ಹೇಳು. ಆಗಿನ ಪರಿಸ್ಥಿತಿ ಹಾಗಿತ್ತು. ನಿನ್ನ ಮಗಳ ಸೀಟಿನ ವಿಷಯ ಕೇಳಿದೆ. ಸಮಿತೀಲಿ ನಾನಿದ್ದೀನಲ್ಲ."

ಅಕ್ಕ ಹಲ್ಲಿನಲ್ಲಿ ದಾರ ಕಡಿದಳು. "ಕೊಡಿಸಿ."

"ಆ ದಿನ ನೀನು ಮನೇಲೇ ಇರ್ತೀಯ ಅಂತ ಮಾತು ಕೊಡು."

"ಇರ್ತೀನಿ ಚಿಕ್ಕಪ್ಪ. ಮೊದಲು ಸೀಟು."

ಅದೇ ವಾರ ಹುಡುಗಿ ಕಾಲೇಜಿಗೆ ಸೇರಿದಳು.

ಸನ್ಮಾನದ ದಿನ ಸಭಾಂಗಣ ತುಂಬಿತ್ತು. ನಾನೂ ಹೋಗಿದ್ದೆ. ಅಕ್ಕ ಹಿಂದಿನ ಸಾಲಿನ ಬಾಗಿಲ ಬಳಿ ಕೂತಿದ್ದಳು. ಭಾಷಣಗಳಾದವು. ಮೇಷ್ಟ್ರು ಹಚ್ಚಿದ ದೀಪ ಎಷ್ಟೋ ಮನೆಗಳಲ್ಲಿ ಉರಿಯುತ್ತಿದೆ ಎಂದು ಒಬ್ಬರು ಹೇಳಿದರು. ಶಿಷ್ಯರು ಯಾರಾದರೂ ಒಂದೆರಡು ಮಾತಾಡಬಹುದು ಎಂದು ನಿರೂಪಕ ಕರೆದದ್ದೇ ತಡ, ಅಕ್ಕ ಎದ್ದಳು. ಸೆರಗು ಸರಿಮಾಡಿಕೊಂಡು ನೇರ ವೇದಿಕೆ ಹತ್ತಿದಳು.

"ನಾನು ಮೇಷ್ಟ್ರ ಮನೆಯಲ್ಲೇ ಇದ್ದು ಬೆಳೆದೋಳು" ಎಂದು ಶುರುಮಾಡಿದಳು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೂ ಕಾದಳು. "ಓದಿಸ್ತೀನಿ ಅಂತ ಕರ್ಕೊಂಡು ಬಂದ್ರು. ಪಾತ್ರೆ ತೊಳೆಸಿದ್ರು."

ಮೇಷ್ಟ್ರು ಅರ್ಧ ಎದ್ದು, "ನೀನು ಮಾತು ಕೊಟ್ಟಿದ್ದೆ" ಎಂದರು. ಮೆಲ್ಲಗೇ ಅಂದದ್ದು, ಆದರೆ ಮೈಕು ಹಿಡಿದುಕೊಂಡಿತು.

"ಕೊಟ್ಟಿದ್ದೆ ಚಿಕ್ಕಪ್ಪ. ಕೊಟ್ಟ ಮಾತು ತಪ್ಪೋದು ಹೇಗೆ ಅಂತ ನಿಮ್ಮ ಮನೇಲೇ ವರ್ಷ ವರ್ಷ ನೋಡಿ ಕಲ್ತಿದ್ದೀನಿ. ನೀವು ನನಗೆ ಕಲಿಸಿದ್ದು ಅದೊಂದೇ." ಆಮೇಲೆ ಕಿಟಕಿಯ ವಿಷಯ ಹೇಳಿದಳು, ಅಪ್ಪನ ವಿಷಯ ಹೇಳಿದಳು. "ನಮ್ಮಪ್ಪ ನನ್ನನ್ನ ದಡ್ಡಿ ಅಂದ್ಕೊಂಡೇ ಸತ್ರು. ಈ ಮೈಕಲ್ಲಿ ನಿಜ ಹೇಳಿ. ಹೇಳಿದ್ರೆ ಇಳಿದು ಹೋಗ್ತೀನಿ."

ಯಾರೋ ಅವಳ ತೋಳು ಹಿಡಿದು ಇಳಿಸಲು ಬಂದರು. ಅವಳು ನೋಡಿದ ನೋಟಕ್ಕೆ ಹಿಂದೆ ಸರಿದರು. ಮೇಷ್ಟ್ರು ಬೆವರು ಒರೆಸಿಕೊಂಡು ಮೈಕಿನ ಹತ್ತಿರ ಬಂದರು. "ದಡ್ಡಿ ಅಲ್ಲ."

"ಕೇಳಿಸ್ಲಿಲ್ಲ. ಪೂರ್ತಿ ವಾಕ್ಯ ಹೇಳಿ."

"ಇವಳು ದಡ್ಡಿ ಅಲ್ಲ" ಎಂದು ಮೇಷ್ಟ್ರು ನೆಲ ನೋಡುತ್ತ ಹೇಳಿದರು. "ನಾನು ಇವಳನ್ನ ಶಾಲೆಗೆ ಸೇರಿಸಲೇ ಇಲ್ಲ."

ಸಭೆಯಲ್ಲಿ ತಲೆ ತಗ್ಗಿಸಿ ಕೂತವರೆಲ್ಲ ಮೇಷ್ಟ್ರ ಮೇಲಿನ ಮರುಕಕ್ಕೆ ತಗ್ಗಿಸಿದ್ದಲ್ಲ. ಆ ಹೊತ್ತಿನಲ್ಲಿ ಅವರ ಮನೆಗಳಲ್ಲೂ ಎಂಥದೋ ದೂರದ ಸಂಬಂಧದ ಹುಡುಗಿಯೊಬ್ಬಳು ಪಾತ್ರೆ ಉಜ್ಜುತ್ತಿದ್ದಳು. ಅಕ್ಕ ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ಅವಸರವಿಲ್ಲದೆ ನಡೆದು ಹೊರಗೆ ಹೋದಳು. ಸನ್ಮಾನದ ಫಲಕ ಮೇಜಿನ ಮೇಲೇ ಉಳಿಯಿತು.

ಮೇಷ್ಟ್ರು ಸಮಿತಿಗೆ ರಾಜೀನಾಮೆ ಕೊಟ್ಟರು. ಹುಡುಗಿಯ ಸೀಟು ರದ್ದು ಮಾಡಬೇಕೆಂದು ಕೆಲವರು ಹಾರಾಡಿದರು. ರದ್ದು ಮಾಡುವುದಾದರೆ ಅದನ್ನು ಕೊಟ್ಟದ್ದು ಹೇಗೆ ಎಂದು ಹೇಳಬೇಕಾಗುತ್ತದೆ ಎಂದು ಹೊಳೆದ ಮೇಲೆ ಸುಮ್ಮನಾದರು. ಮಗಳು ಮಾತ್ರ ಸುಮ್ಮನಾಗಲಿಲ್ಲ. ಅಂಗಡಿಯಲ್ಲಿ, ನನ್ನೆದುರಿಗೇ, ಕೇಳಿದಳು: "ಅಮ್ಮ, ನನಗಿಂತ ಜಾಸ್ತಿ ಮಾರ್ಕ್ಸ್ ಬಂದೋಳು ಯಾರೋ ಹೊರಗೆ ನಿಂತಿರ್ಬಹುದು ಅಲ್ವಾ?"

"ನಿಂತಿರ್ಬಹುದು. ಅವಳಿಗೂ ಸಿಟ್ಟು ಬರ್ಲಿ. ಬಂದ್ರೆ ನನ್ನ ಹತ್ರ ಕಳಿಸು, ಯಾರ ಹತ್ರ ಜಗಳ ಆಡ್ಬೇಕು ಅಂತ ಹೇಳ್ತೀನಿ."

ಮಗಳು ನಗಲಿಲ್ಲ. ಎಷ್ಟೋ ದಿನ ಅಮ್ಮನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಕಾಲೇಜನ್ನೂ ಬಿಡಲಿಲ್ಲ.

ಹಿಂದೆ ಅಕ್ಕ ಎತ್ತಿ ಆಡಿಸಿದ್ದ ಮಗು, ಚಿಕ್ಕಪ್ಪನ ಮೊದಲ ಮಗಳು, ಒಂದು ಸಂಜೆ ಬಂದಳು. "ಅಪ್ಪ ಮನೆಯಿಂದ ಹೊರಗೇ ಬರ್ತಿಲ್ಲ ಅಕ್ಕ. ನಿನ್ನ ಕೈಯಲ್ಲೇ ಉಂಡು ಬೆಳೆದೆ, ನಿಜವಾಗ್ಲೂ ನನಗೇನೂ ಗೊತ್ತಿರ್ಲಿಲ್ಲ" ಎಂದಳು.

"ಯಾವತ್ತಾದ್ರೂ ಕೇಳಿದ್ದೆಯಾ?" ಎಂದಳು ಅಕ್ಕ. ಆದರೂ ಚಹಾ ತರಿಸಿ ಕೊಟ್ಟಳು.

ಆಮೇಲಿನಿಂದ ಅಕ್ಕ ಇನ್ನೊಂದು ಹಟ ಹಿಡಿದಿದ್ದಾಳೆ. ಮನೆಕೆಲಸಕ್ಕೆ ಹುಡುಗಿಯನ್ನು ಇಟ್ಟುಕೊಂಡವರ ಮಕ್ಕಳ ಯೂನಿಫಾರ್ಮಿಗೆ ಕೈ ಹಾಕುವುದಿಲ್ಲ. "ಅವಳ ಅಳತೆನೂ ಕೊಡ್ಸಿ, ಎರಡೂ ಒಟ್ಟಿಗೆ ಹೊಲೀತೀನಿ" ಎನ್ನುತ್ತಾಳೆ. ಹೆಚ್ಚಿನವರು ಬೈದುಕೊಂಡು ಬೇರೆ ದರ್ಜಿಯ ಬಳಿಗೆ ಹೋದರು. ಒಂದೆರಡು ಮನೆಯವರು, ಮರ್ಯಾದೆಗೆ ಅಂಜಿಯೋ ಏನೋ, ಹುಡುಗಿಯನ್ನೂ ಕರೆತಂದರು. ಅಂಗಡಿಯಲ್ಲಿ ಮೊದಲಿನ ನೂಕುನುಗ್ಗಲು ಈಗಿಲ್ಲ.

ಸೇಡು ತೀರಿತಲ್ಲ, ಈಗಾದರೂ ಮನಸ್ಸು ಹಗುರವಾಯಿತೇ ಎಂದು ಒಮ್ಮೆ ಕೇಳಿದೆ. ಅವಳು ಗುಂಡಿ ಹಚ್ಚಿ ದಾರಕ್ಕೆ ಗಂಟು ಹಾಕಿದಳು.

"ಚಿಕ್ಕಪ್ಪಂದು ಮುಗೀತು" ಎಂದಳು. "ಚಿಕ್ಕಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾರೆ."