ಕಡವೆಯ ಕೊಂಬು ಉದುರುವ ಕಾಲ

ಮೊನ್ನೆ ಕೆಂಗೇರಿ ಉಪನಗರದಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನ ಒಣಹುಲ್ಲಿಗೆ ಯಾರೋ ಬೆಂಕಿ ಇಟ್ಟರು. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬಂತು. ಅದರ ಹಿಂದೆಯೇ ನಮ್ಮ ಮಾವನವರ ನೆನಪು...

ಐವತ್ತರ ದಶಕದಲ್ಲಿ ನಾನು ಕೆಂಗೇರಿಗೆ ಸೊಸೆಯಾಗಿ ಬಂದಾಗ ಅವರು ಹೆಸರಾದ ಬೇಟೆಗಾರರು. ಚಳಿಗಾಲದಲ್ಲಿ ರಾಗಿ ಕಟಾವು ಮುಗಿಸಿ, ಸಾವನದುರ್ಗದ ಕಡೆಯ ಕಾಡಿಗೆ ಹೋಗಿ ಕಡವೆ ಹೊಡೆದು ತಂದರೆ ಬೀದಿಯ ಮನೆಮನೆಗೂ ಪಾಲು ಹೋಗುತ್ತಿತ್ತು. ಬೇಸಿಗೆ ಬಂತೆಂದರೆ ಕೋವಿ ಅಟ್ಟ ಸೇರುತ್ತಿತ್ತು. ನನಗದು ವಿಚಿತ್ರ. ಬೇಸಿಗೆಯಲ್ಲೇ ಅಲ್ಲವೇ ಬೇಟೆ ಸುಲಭ? ಸುಟ್ಟ ಹುಲ್ಲಿನ ಬುಡದಲ್ಲಿ ಹೊಸ ಚಿಗುರು, ನೀರು ಉಳಿದಿರುವುದು ಒಂದೋ ಎರಡೋ ಕುಂಟೆಯಲ್ಲಿ. ಕಡವೆಗಳು ತಾವಾಗಿಯೇ ಬಯಲಿಗೆ ಬರುತ್ತವೆ. ಕೇಳಿಯೇಬಿಟ್ಟೆ.

"ಈಗ ಗಂಡಿನ ಕೊಂಬು ಉದುರಿರ್ತದೆ ಕಣವ್ವ. ಹೆಣ್ಣೋ ಗಂಡೋ ದೂರದಿಂದ ತಿಳಿಯಾಕಿಲ್ಲ. ಹೆಣ್ಣೆಲ್ಲ ಗಬ್ಬ ಆಗಿರ್ತವೆ," ಎಂದರು.

ಮುಂದಿನ ಬೇಸಿಗೆಗೆ ನಾನು ಬಸುರಿ. ಹುಣಸೆಕಾಯಿ, ಮಾವಿನಕಾಯಿ ಬಿಟ್ಟು ಈ ಹಾಳು ನಾಲಿಗೆ ಕಡವೆ ಸಾರನ್ನೇ ಬಯಸಿತು. ಅತ್ತೆಗೆ ಹೇಳಿದ್ದೇ ತಡ, ಅವರು ಮಾವನವರ ಬೆನ್ನು ಹತ್ತಿದರು. "ಬಸ್ರಿ ಬಯಕೆ ತೀರ್ಸದಿದ್ರೆ ಮಗೀಗೆ ಕಿವಿ ಸೋರ್ತದೆ. ಒಂದ್ಸಲ ಹೋಗ್ಬನ್ನಿ ಅಂದ್ರೆ!" ಮಾವ ಬಹಳ ದಿನ ತಡೆದರು. ಕೊನೆಗೆ ಕೋವಿ ಇಳಿಸಿದರು.

ಮರುದಿನ ಮಧ್ಯಾಹ್ನ ಬರಿಗೈಲಿ ಬಂದು ಜಗಲಿಯ ಮೇಲೆ ಕೂತರು. ನೀರು ಕೊಡಲು ಹೋದರೆ ನನ್ನ ಮುಖ ನೋಡಲಿಲ್ಲ.

"ಕುಂಟೆ ತಾವ ಒಂದೇ ನಿಂತಿತ್ತು. ಕೊಬ್ಬಿದ ಗಂಡು ಅಂದ್ಕೊಂಡೆ... ಹೊಟ್ಟೇಲಿ ಮರಿ ಇತ್ತು ಕಣವ್ವ. ಎರಡ್ನೂ ಅಲ್ಲೇ ಮಣ್ಣು ಮಾಡಿ ಬಂದೆ."

ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಅದನ್ನು ಅವರು ನೋಡಿಬಿಟ್ಟರು.

ಮಗಳು ಹುಟ್ಟಿದಳು. ಕಿವಿ ಸೋರಲಿಲ್ಲ, ದೇವರು ದೊಡ್ಡವನು. ತವರಿನಿಂದ ಕರೆತಂದ ಮೇಲೆ ಮಾವ ದಿನವೂ ಹೊಸಿಲಲ್ಲಿ ನಿಂತು ತೊಟ್ಟಿಲು ನೋಡಿ ಹೋಗುತ್ತಿದ್ದರು. ಎತ್ತಿಕೊಳ್ಳಿ ಎಂದರೆ, "ಈ ಕೈಲಿ ಬ್ಯಾಡ ಬಿಡವ್ವ," ಎನ್ನುತ್ತಿದ್ದರು. ಅವಳು ನಡೆಯಲು ಕಲಿತು ಕೈ ಚಾಚಿಕೊಂಡು ಹೋದಾಗಲೂ ಎದ್ದು ಹಿತ್ತಲಿಗೆ ನಡೆದುಬಿಡುತ್ತಿದ್ದರು. ಕೋವಿ ಮತ್ತೆ ಕೆಳಗಿಳಿಯಲಿಲ್ಲ. ಮಗಳು ಶಾಲೆ ಸೇರುವ ಹೊತ್ತಿಗೆ ಅವರಿರಲಿಲ್ಲ.

ಈಗ ಅವಳೂ ಅಜ್ಜಿ. ಹೆಣ್ಣು ಹುಟ್ಟಿತೆಂದು ತಾತ ತನ್ನನ್ನು ಮುಟ್ಟಲಿಲ್ಲ ಎಂದೇ ಇಷ್ಟು ಕಾಲ ನಂಬಿಕೊಂಡಿದ್ದಳಂತೆ! ಮೊನ್ನೆ ಎಲ್ಲವನ್ನೂ ಹೇಳಿದೆ.

"ಒಂದೇ ಒಂದ್ಸಲ ಎತ್ಕೊಂಡಿದ್ರೆ ಇಬ್ರಿಗೂ ಸಾಕಾಗ್ತಿತ್ತಲ್ಲಮ್ಮ..."

ಹೌದು, ಸಾಕಾಗುತ್ತಿತ್ತು. ಹೇಳದೆ ಕೇಳದೆ ಮಗುವನ್ನು ಅವರ ಮಡಿಲಿಗೆ ಹಾಕಿಬಿಡುವ ಧೈರ್ಯ ಆಗ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.