ಮಡಿ ನೀರು ಕುಡಿದ ಬ್ಯಾಟರಿ

ನಮ್ಮ ಬ್ಯಾಟರಿ ಮೇಸ್ತ್ರಿ ನಕ್ಕರೆ ಒಸಡಿನ ಅಂಚಿಗೆ ಪೆನ್ಸಿಲಿನಲ್ಲಿ ಎಳೆದಂಥ ನೀಲಿ ಗೆರೆ ಕಾಣುತ್ತಿತ್ತು. ವರ್ಷಗಟ್ಟಲೆ ಸೀಸ ಕರಗಿಸಿದವರಿಗೆ ಹಾಗಾಗುತ್ತದಂತೆ. ಅವರ ಪಕ್ಕದಲ್ಲಿ ನಾನು ಕೂತು ಕೆಲಸ ಮಾಡಿದ್ದು ಮೂರೇ ದಿನ. ಆದರೂ ಇವತ್ತಿಗೂ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಒಸಡನ್ನೊಮ್ಮೆ ನೋಡಿಕೊಳ್ಳುತ್ತೇನೆ. ಜಾಯಮಾನವೇ ಅಂಥದ್ದು.

ಯುದ್ಧದ ಕಾಲ. ದುಡ್ಡು ಕೊಟ್ಟರೂ ಹೊಸ ಬ್ಯಾಟರಿ ಸಿಗುತ್ತಿರಲಿಲ್ಲ. ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸಿನವರೆಲ್ಲ ಸತ್ತ ಬ್ಯಾಟರಿಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಹೊಳೆನರಸೀಪುರದ ಅಕ್ಕಿ ಗಿರಣಿಯ ಹಿಂದಿದ್ದ ಮೇಸ್ತ್ರಿಯ ಶೆಡ್ಡಿಗೆ ಬರುತ್ತಿದ್ದರು. ಅವರು ಡಾಂಬರಿನ ಮುಚ್ಚಳ ಕಿತ್ತು, ಸವೆದ ಸೀಸದ ತಟ್ಟೆಗಳನ್ನು ಬಾಣಲೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು ಹೊಸ ತಟ್ಟೆ ಮಾಡುತ್ತಿದ್ದರು. ಹಳೆಯದರಿಂದ ಕೆರೆದ ಪುಡಿಯನ್ನೂ ಬಿಡದೆ ಆಸಿಡ್ಡಿನಲ್ಲಿ ಕಲಸಿ ಅದಕ್ಕೇ ಮೆತ್ತುತ್ತಿದ್ದರು. ಸತ್ತ ಮೂರರಿಂದ ಒಂದು ಎದ್ದು ಕೂರುತ್ತಿತ್ತು.

“ಸೀಸಕ್ಕೆ ಸಾವಿಲ್ಲ ಕಣಪ್ಪ, ಸುಸ್ತಾಗಿರ್ತದೆ ಅಷ್ಟೆ,” ಅನ್ನುವರು. ಇನ್ನೊಂದು ಮಾತೂ ಇತ್ತು: “ನನ್ ಕೈಯಿಂದ ಓದ ಡಬ್ಬ ವಾಪಸ್ ಬಂದಿದ್ದೇ ಇಲ್ಲ.” ಅದು ನಿಜವಾಗಿತ್ತು, ನಾನು ಬರುವವರೆಗೆ.

ನಾನಾಗ ಹಾಸನದಿಂದ ಹಳ್ಳಿಮೈಸೂರಿಗೆ ಓಡುವ ಬಸ್ಸಿನ ಹೊಸ ಡ್ರೈವರು. ನಮ್ಮ ಬ್ಯಾಟರಿ ಕೊಡುವಾಗ ಮೇಸ್ತ್ರಿ ಒಂದು ಬಾಟಲಿ ಮಳೆ ನೀರೂ ಕೊಟ್ಟು, “ತಿಂಗಳಿಗೊಂದು ಸಲ ನೋಡಿ ಉಯ್ಯಿ, ಬೇರೆ ನೀರು ಮುಟ್ಟಿಸ್ಬ್ಯಾಡ,” ಎಂದಿದ್ದರು. ನಾನು ದಿನಕ್ಕೆ ಮೂರು ಸಲ ನೋಡಿದೆ. ನೋಡಿದಾಗೆಲ್ಲ ಕಡಿಮೆಯಾದಂತೆ ಕಂಡು ಹೊಯ್ದೆ. ವಾರದಲ್ಲಿ ಬಾಟಲಿ ಖಾಲಿ. ಮೇಸ್ತ್ರಿಯನ್ನು ಮತ್ತೆ ಕೇಳಲು ಹೆದರಿ, ಅವ್ವನ ಹತ್ತಿರ ಶುದ್ಧವಾದ ನೀರು ಬೇಕೆಂದೆ. ಅವಳು ಹಿತ್ತಲ ಬಾವಿಯಿಂದ ಮಡಿಯಲ್ಲಿ ಸೇದಿ ಕೊಟ್ಟಳು.

ಇಪ್ಪತ್ತು ದಿನಕ್ಕೆ ಬಸ್ಸು ನಿಂತಿತು. ಬಸ್ಸಿನ ಯಜಮಾನರು ನನ್ನನ್ನೂ ಬ್ಯಾಟರಿಯನ್ನೂ ಒಟ್ಟಿಗೆ ಶೆಡ್ಡಿಗೆ ತಂದು ನಿಲ್ಲಿಸಿದರು. “ನೋಡಿ ಹೇಳಿ ಮೇಸ್ತ್ರಿ. ಇವನ್ ತಪ್ಪಾಗಿದ್ರೆ ಈಗ್ಲೇ ಬಸ್ಸಿಂದ ಇಳಿಸ್ತೀನಿ.”

ಮದುವೆಯಾಗಿ ಎರಡು ತಿಂಗಳಾಗಿತ್ತು. ಅದು ಮೇಸ್ತ್ರಿಗೂ ಗೊತ್ತಿತ್ತು. ಮೇಸ್ತ್ರಿ ಬ್ಯಾಟರಿ ಬಿಚ್ಚಿ ತಟ್ಟೆ ನೋಡಿದರು, ನನ್ನ ಮುಖ ನೋಡಿದರು.

“ಇವನ್ದಲ್ಲ ಯಜಮಾನ್ರೇ. ನನ್ ಎರಕವೇ ಕೆಟ್ಟದೆ.”

ಯಜಮಾನರು ಹೋದ ಮೇಲೆ ಮೇಸ್ತ್ರಿ ಮೆಲ್ಲಗೆ ಕೇಳಿದರು: “ಯಾವ ಬಾವೀದ್ಲಾ?”

“ನಮ್ ಇತ್ತಲದು ಮೇಸ್ತ್ರಿ. ಮಡೀಲಿ ಸೇದಿದ್ದು.”

ಹೊಟ್ಟೆ ಹಿಡಿದುಕೊಂಡು ನಕ್ಕರು. “ಮಡಿ ದೇವ್ರಿಗಿರ್ಲಿ ಕಣ್ಲಾ! ಇದುಕ್ಕೆ ಬೇಕಾಗಿದ್ದು ಉಪ್ಪಿಲ್ಲದ ನೀರು. ಬಾ, ಬಾಣಲೆ ಇಡ್ಕ.” ಕೆಟ್ಟ ತಟ್ಟೆಗಳನ್ನೇ ಮತ್ತೆ ಕರಗಿಸಿ, ಮೂರು ದಿನ ಕೂರಿಸಿ ಕಲಿಸಿದರು. ಆ ಬ್ಯಾಟರಿ ಯುದ್ಧ ಮುಗಿಯುವವರೆಗೂ ಓಡಿತು.

ಆದರೆ ಸುದ್ದಿ ಅದಕ್ಕಿಂತ ಜೋರಾಗಿ ಓಡಿತ್ತು. “ನಿಮ್ದೂ ವಾಪಸ್ ಬಂತಂತೆ?” ಎಂದು ಚನ್ನರಾಯಪಟ್ಟಣದವರು ಛೇಡಿಸಿದಾಗೆಲ್ಲ ಮೇಸ್ತ್ರಿ ಬಾಣಲೆಯತ್ತ ಬಾಗಿ ಕೆದಕುತ್ತಿದ್ದರು. ‘ವಾಪಸ್ ಬಂದಿದ್ದೇ ಇಲ್ಲ’ ಅನ್ನುವ ಮಾತನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. ಚಕ್ರದ ನಟ್ಟಿಗೂ ನೆರೆಮನೆಯ ಕೆಮ್ಮಿಗೂ ಚಿಂತೆ ಮಾಡುವ ನಾನು, ಬಾವಿ ನೀರಿನ ವಿಷಯವೊಂದನ್ನು ಮಾತ್ರ ನಾಳೆ ಹೇಳಿದರಾಯಿತೆಂದು ಆರಾಮವಾಗಿದ್ದೆ. ಆ ಸ್ಟೀರಿಂಗಿನ ಅನ್ನದಲ್ಲೇ ನನ್ನ ಮಕ್ಕಳು ಬೆಳೆದವು.

ಸ್ವಾತಂತ್ರ್ಯ ಬಂದ ಮರುವರ್ಷ ಮೇಸ್ತ್ರಿ ತೀರಿಕೊಂಡರು. ಹನ್ನೊಂದನೆಯ ದಿನ ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿದ್ದ ನಮ್ಮ ಯಜಮಾನರು, “ಎಂಥಾ ಕೈ ಅದು! ಕೆಟ್ಟಿದ್ದು ಒಂದೇ ಒಂದು ಡಬ್ಬ, ಅದೂ ನನ್ ಹಣೇಬರಕ್ಕೆ,” ಅಂದರು.

ತುತ್ತು ಕೆಳಗಿಟ್ಟೆ. “ಅದು ಮೇಸ್ತ್ರಿ ಕೆಡಿಸಿದ್ದಲ್ಲ ಸಾ. ಬಾವಿ ನೀರು ಉಯ್ದೋನು ನಾನು,” ಎಂದು ಎಲೆಗೆ ಹೇಳಿದೆ.

ಯಜಮಾನರ ಕೈ ಬಾಯಿಯ ಹತ್ತಿರವೇ ನಿಂತಿತು. ಬಾಗಿಲ ಬಳಿ ಕೂತಿದ್ದ ಮೇಸ್ತ್ರಿಯ ಹೆಂಡತಿ ತಲೆಯೆತ್ತಿದರು.

“ಜೋರಾಗಿ ಯೋಳಪ್ಪ. ಆ ಕಡೆ ಸಾಲ್ನಲ್ಲಿ ಚನ್ನರಾಯಪಟ್ಣದೋರು ಕೂತವ್ರೆ, ಅವ್ರಿಗೆ ಕೇಳುಸ್ಲಿಲ್ಲ.”

ಊಟದ ನಡುವೆ ಏಳಬಾರದು ಅನ್ನುತ್ತಾರೆ. ಎದ್ದೆ.